ಬೆನ್ನಿಗೆ ಗುದ್ದುವ ತೊಟ್ಟಿಲು

“ಯಾರೂ ಮುಟ್ಟಬ್ಯಾಡ್ರಿ! ಹಿಂದಕ್ಕ ಸರೀರಿ! ಇಂಥಾದ್ದು ಇಡೀ ಹುಬ್ಬಳ್ಳ್ಯಾಗ ಇಲ್ಲ!” ಎಂದು ನನ್ನ ಸೋದರಮಾವ ಅಡಿವೆಪ್ಪ ಹಳೇ ಸೀರೆಯನ್ನು ಸರ್ರನೆ ಎಳೆದ.

ಸೀರೆಯಡಿ ಇದ್ದದ್ದು ಒಂದು ತೊಟ್ಟಿಲು! ಅದಕ್ಕೆ ಗಾಲಿಗಳು, ಒಂದು ಸ್ಪೀಕರ್, ಹಿಂದಿನಿಂದ ಚಾಚಿಕೊಂಡ ಒಂದು ಕಪ್ಪು ರಬ್ಬರ್ ಕೈ. ಆ ಕೈ ನಾನು ಕೆಲಸ ಮಾಡುವ ಪಂಕ್ಚರ್ ಅಂಗಡಿಯ ಲಾರಿ ಟ್ಯೂಬಿನದು. ಕಳೆದುಹೋದ ಆ ಟ್ಯೂಬಿಗಾಗಿ ವಾರದಿಂದ ಮಾಲೀಕನ ಬೈಗುಳ ತಿಂದವನು ನಾನು!

ಸಿಟ್ಟು ನೆತ್ತಿಗೇರಿತು. ಆದರೆ ದಿನವಿಡೀ ಲಾರಿ ಟೈರು ಬಿಚ್ಚಿ ಬಂದವನಿಗೆ ಕೂಗಾಡಲು ತ್ರಾಣವಾದರೂ ಎಲ್ಲಿಂದ ಬರಬೇಕು? ಗೋಡೆಗೆ ಒರಗಿ ಕೂತೆ. ನಾಯಿ ಬಂದು ನನ್ನ ಕಾಲಿನ ಮೇಲೆ ಗದ್ದ ಊರಿ ಮಲಗಿತು.

ತಕರಾರೆಲ್ಲ ಈ ನಾಯಿಯದೇ. ಗಟಾರದಲ್ಲಿ ಬಿದ್ದಿದ್ದ ಮರಿಯನ್ನು ನಾನೇ ಎತ್ತಿ ತಂದಿದ್ದೆ. ಕೆಲಸ ಮುಗಿಸಿ ಬಂದರೆ ನನ್ನ ಹತ್ತಿರ ಬಾಯಿ ಮುಚ್ಚಿಕೊಂಡು ಕೂರುವ ಜೀವ ಈ ಮನೆಯಲ್ಲಿ ಅದೊಂದೇ. ಎಷ್ಟು ಕರೆದರೂ ಕಿವಿ ಅಲ್ಲಾಡಿಸುವುದಿಲ್ಲ. ಅವ್ವ ರೊಟ್ಟಿ ಬಡಿಯಲು ಕೂತರೆ ಮಾತ್ರ ಎಲ್ಲಿದ್ದರೂ ಓಡಿಬರುತ್ತದೆ. ಇವತ್ತು ಬೆಳಿಗ್ಗೆ ಮನೆ ಮಾಲಕಿ ಪಾರವ್ವ ಬಂದು ಗುಡುಗಿ ಹೋಗಿದ್ದಳು: “ಹೆಸರಿಲ್ಲದ್ದು ಬೀದಿ ನಾಯಿ! ದೀಪಾ ಹಚ್ಚೋ ಹೊತ್ತಿಗೆ ಬಂದು ಹೆಸರು ಹಿಡದು ಕರೀತೀನಿ. ಬಂದ್ರ ಇರ್ಲಿ. ಬರ್ಲಿಲ್ಲಂದ್ರ ಹೊರಗ!”

“ತಿನ್ನೋ ಸಾಮಾನಿನ ಹೆಸರಿಟ್ರ ಯಾವ ನಾಯಿ ಬರಾಂಗಿಲ್ಲ?” ಎಂದ ಮಾಮಾ. “ಇದು ಕಿವ್ಯಾಗ ಹೆಸರು ಹೇಳ್ತೈತಿ, ಎದಿಬಡಿತ ಅಳೀತೈತಿ. ಎದಿ ಯಾವುದಕ್ಕ ಕುಣೀತೈತೋ ಅದ ಹೆಸರು!”

“ಮತ್ತ ಈ ಕೈ ಯಾಕ?”

“ಏಳನೇತ್ತಕ್ಕ ಸಾಲಿ ಬಿಟ್ಟಾಂವಗ ಏನ್ ತಿಳೀತೈತಿ! ಹೆಸರಿಡೋದಂದ್ರ ಶಾಸ್ತ್ರ ಬ್ಯಾಡೇನು?”

ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಈ ಪುಣ್ಯಾತ್ಮ ಅದಕ್ಕೂ ಮೋಟಾರು ಕೂರಿಸಿದ್ದ!

ನಾಯಿಯನ್ನು ತೊಟ್ಟಿಲಲ್ಲಿ ಮಲಗಿಸಿ ಎದೆಗೆ ಪಟ್ಟಿ ಕಟ್ಟಿದ್ದಾಯಿತು.

“ಕುರ್ರ್ರ್... ಮಂಡಿಗಿ!” ಎಂದಿತು ಸ್ಪೀಕರ್. ನಾಯಿ ಆಕಳಿಸಿತು.

“ಕುರ್ರ್ರ್... ಕರದಂಟು!” ನಾಯಿ ಕಣ್ಣು ಮುಚ್ಚಿತು.

“ಇದಕ್ಕ ಸಿಹಿ ಸೇರಾಂಗಿಲ್ಲೋ! ಕಡ್ಲಿಹಿಟ್ಟಿನ ಝುಣಕ ಅನ್ನು, ಝುಣಕ!” ಎಂದು ಮಾಮಾ ಕೂಗಿದ್ದೇ ತಡ, ಧಪ್! ಧಪ್! ರಬ್ಬರ್ ಕೈ ಅವನ ಬೆನ್ನಿಗೇ ಬಡಿಯಿತು.

ನಾಯಿ ದಿಗ್ಗನೆ ಎದ್ದು ಕೂತಿತು. ಬಾಲ ಗಿರಗಿರ ತಿರುಗಿತು. ಎದೆಬಡಿತದ ಮೀಟರಿನ ಮುಳ್ಳು ಸರ್ರನೆ ಮೇಲೇರಿತು. “ಝುಣಕ ಪಕ್ಕಾ!” ಎಂದು ಯಂತ್ರ ಸಾರಿತು.

“ನೋಡಿದೇನಲೇ ಫಕೀರಾ!” ಮಾಮಾ ಬೆನ್ನು ನೀವಿಕೊಳ್ಳುತ್ತಾ ಹಿಗ್ಗಿದ.

ನಾನು ನಾಯಿಯನ್ನು ಕೆಳಗಿಳಿಸಿದೆ. “ಆತಲ್ಲ, ಇನ್ನ ಇದನ್ನ ಬಂದ್ ಮಾಡು.”

“ಬಂದ್ ಮಾಡೂದಾ?” ಮಾಮಾ ತಲೆ ಕೆರೆದುಕೊಂಡ. “ಅದಕ್ಕ ಬಟನ್ ಇಟ್ಟಿಲ್ಲೋ!”

ಮನುಷ್ಯರು ತಿನಿಸಿನ ಹೆಸರು ಹೇಳಬೇಕು, ಅವರ ಬೆನ್ನಿಗೆ ಗುದ್ದಬೇಕು, ಆಗ ನಾಯಿಗೆ ಸಂತೋಷ! ಯಂತ್ರ ಕಲಿತ ಪಾಠ ಇದೇ. ಗಾಲಿ ಉರುಳಿಸಿಕೊಂಡು ಓಣಿಗೇ ಹೊರಟುಬಿಟ್ಟಿತು!

“ಬಿಸಿಬಿಸಿ ಮಿರ್ಚಿ ಭಜಿ...” ಎಂದ ಗಾಡಿಯವನ ಬೆನ್ನಿಗೆ ಧಪ್! “ಇವತ್ತೇನ್ ಪಲ್ಯಾ ಯಕ್ಕಾ?” ಎಂದ ಪಕ್ಕದ ಮನೆಯವಳಿಗೆ ಧಪ್! “ಬದನಿಕಾಯಿ ನೋಡವಾ” ಎಂದ ನಮ್ಮವ್ವನಿಗೂ ಧಪ್! ಪ್ರತಿ ಗುದ್ದಿಗೂ ನಾಯಿ ಬಾಲ ಎತ್ತಿ ಅಲ್ಲಿಗೆ ಓಡುತ್ತಿತ್ತು. ಕೊನೆಗೆ ಇಡೀ ಓಣಿಯೇ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿತು. ಚಹಾ ಬೇಕಾದವರು ಹೆಬ್ಬೆರಳು ತೋರಿಸತೊಡಗಿದರು.

ಓಡಿ ಓಡಿ ಸುಸ್ತಾದ ನಾಯಿ ಬಂದು ನಾವು ಮಲಗುವ ಹೊರಸಿನ ಕೆಳಗೆ ಮಲಗಿತು. ಅದರ ಹಿಂದೆಯೇ ಯಂತ್ರವೂ ಬಂದು ಬಾಗಿಲ ಮೂಲೆಯಲ್ಲಿ ನಿಂತಿತು. ಅಷ್ಟರಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಪಾರವ್ವ ಬಂದಳು.

“ಏನ್ ಹೆಸರಿಟ್ರಿ?”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಮಾ ಗಾಳಿಯಲ್ಲೇ ಹಿಟ್ಟು ಕಲಸಿ, ಒಲೆ ಊದಿ ತೋರಿಸಿದ.

“ಮೂಕರಾಗೀರೇನು?”

ಬೇರೆ ದಾರಿ ಇರಲಿಲ್ಲ. ಸೋದರತ್ತೆಯ ಹಾಗೆ ಪಾರವ್ವನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ. “ಇಷ್ಟ ಹೌದಲ್ಲೋ?” ಎಂದವಳು ಓಣಿ ನಡುಗುವಂತೆ ಕೂಗಿದಳು: “ಝುಣಕಾ!”

ನಾಯಿ ಒಂದು ಕಣ್ಣನ್ನೂ ತೆರೆಯಲಿಲ್ಲ.

“ಬರ್ಲಿಲ್ಲ! ಹೊರಗ ಹಾಕ್ರಿ!” ಎಂದಳು. ಕೊರಳಿಗೆ ಪಟ್ಟಿ ಕಟ್ಟಿ ಎಳೆದೊಯ್ಯುವುದಾದರೂ ಯಾರು? ನಾನೇ ತಾನೇ!

ಅಷ್ಟರಲ್ಲಿ ಗಾಲಿ ಕಿರ್ರ್ ಎಂದವು. ಧಪ್! ಧಪ್! ಧಪ್! ಪಾರವ್ವನ ಬೆನ್ನು ಅಗಲ. ಸದ್ದು ಥೇಟ್ ಅವ್ವ ರೊಟ್ಟಿ ಬಡಿದಂತೆಯೇ. ನಾಯಿ ಬಾಣದಂತೆ ಚಿಮ್ಮಿ ಬಂದು ಅವಳ ಕಾಲ ಬಳಿ ಕೂತು, ನಾಲಿಗೆ ಚಾಚಿ ಅವಳ ಕೈಯನ್ನೇ ನೋಡಿತು.

ಪಾರವ್ವ ಬೆನ್ನು ಹಿಡಿದುಕೊಂಡು ಉಸಿರು ಸರಿಮಾಡಿಕೊಂಡಳು.

“ಕರದ ಮ್ಯಾಲೆ ಬಂತು. ಮಾತಂದ್ರ ಮಾತು, ಇರ್ಲಿ. ಆದ್ರ ದಿನಾ ಸಂಜೀಕ ಬಂದು ನೋಡಾಕಿ ನಾ. ಕರೆಯೋದು ಮಾತ್ರ ಇನ್ನ ಈ ಹುಡುಗನ ಕೆಲಸ!”

ಈಗ ದಿನಾ ಸಂಜೆ ಟೈರು ಬಿಚ್ಚಿ ಬಂದವನು ಪಾರವ್ವನ ಎದುರು ಬೆನ್ನು ಬಾಗಿಸಿ ನಿಂತು ಹೆಸರು ಕೂಗುತ್ತೇನೆ. ಧಪ್! ಧಪ್! ನಾಯಿ ತಪ್ಪದೆ ಬರುತ್ತದೆ. ಬಂದು ನನ್ನನ್ನು ಬಿಟ್ಟು ರಬ್ಬರ್ ಕೈಯನ್ನು ನೆಕ್ಕುತ್ತದೆ.

ನಮ್ಮ ಅಂಗಡಿಯ ಟ್ಯೂಬು ನೋಡಿ, ಪಂಕ್ಚರ್ ಆಗುವ ಲಕ್ಷಣವೇ ಕಾಣುತ್ತಿಲ್ಲ.