ಪೈಲಟ್ ಯೂನಿಯನ್ನೂ ನಮ್ಮ ಮನೆಯ ಸ್ಕೂಟರೂ

ನನ್ನಲ್ಲೊಂದು ದೌರ್ಬಲ್ಯವಿದೆ. ನ್ಯಾಯದ ಮಾತನ್ನು ಆಫೀಸಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಟೈಪ್ ಮಾಡುತ್ತೇನೋ, ಮನೆಗೆ ಬಂದ ಮೇಲೆ ಅಷ್ಟೇ ಅಚ್ಚುಕಟ್ಟಾಗಿ ಮರೆಯುತ್ತೇನೆ. ಗಂಡಸರಿಗೆಲ್ಲ ಇರುವ ಕಾಯಿಲೆ ಇದು ಎಂದು ಜಾರಿಕೊಳ್ಳಬಹುದಿತ್ತು. ಆದರೆ ನನ್ನ ವಿರುದ್ಧ ಲಿಖಿತ ಸಾಕ್ಷ್ಯವಿತ್ತು, ಅದೂ ನನ್ನ ಕೈಯಿಂದಲೇ ಟೈಪಾದದ್ದು.

ಮೊಬೈಲಿನಲ್ಲಿ ಹಾವಿನ ಆಟ ಬಿಟ್ಟರೆ ಬೇರೇನೂ ಇರದಿದ್ದ ಕಾಲ. ಹೊಸ ಹೊಸ ವಿಮಾನ ಕಂಪನಿಗಳು ಹುಟ್ಟುತ್ತಿದ್ದವು. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ನಮ್ಮವರು ಹೆಚ್ಚಾಗಿ ಹೋಟೆಲು ಸೇರಿದರೆ, ನನ್ನ ಟೈಪಿಂಗ್ ಸರ್ಟಿಫಿಕೇಟು ನನ್ನನ್ನು ಪೈಲಟ್‌ಗಳ ಯೂನಿಯನ್ ಆಫೀಸಿಗೆ ತಂದು ಹಾಕಿತ್ತು. ನೆರೂಳಿನ ನಮ್ಮ ಹೌಸಿಂಗ್ ಸೊಸೈಟಿಯವರಿಗೆ ಯೂನಿಯನ್ ಎಂದರೆ ಸ್ಟ್ರೈಕ್, ಅಷ್ಟೇ. ರಜೆ ಹತ್ತಿರ ಬಂದರೆ ಸಾಕು, "ರಾಯರೇ, ಮಂಗಳೂರಿಗೆ ಟಿಕೆಟ್ ತೆಗೆದಿದ್ದೇನೆ, ಸ್ಟ್ರೈಕ್ ಗೀಕ್ ಇಲ್ಲ ತಾನೇ?" ಎಂದು ಲಿಫ್ಟಿನಲ್ಲಿ ಹಿಡಿಯುತ್ತಿದ್ದರು. ನಿಜವಾಗಿ ನಮ್ಮಲ್ಲಿ ಸ್ಟ್ರೈಕಿಗಿಂತ ಹೆಚ್ಚು ಕಾಗದ ಓಡಾಡುತ್ತಿದ್ದದ್ದು ತರಬೇತಿಯ ವಿಷಯಕ್ಕೆ. ನಾವೆಲ್ಲ ಒಮ್ಮೆ ಪಾಸಾದರೆ ಸಾಯುವ ತನಕ ಪಾಸು. ಪೈಲಟ್ ಹಾಗಲ್ಲ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಎಂಬ ಡಬ್ಬಿಯೊಳಗೆ ಕೂತು ಪರೀಕ್ಷೆ ಕೊಡಬೇಕು. ಡಬ್ಬಿ ನೆಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಆದರೂ ಒಳಗೆ ಹೋದವರು ಬೆವರಿ ತೊಪ್ಪೆಯಾಗಿ ಹೊರಬರುತ್ತಾರೆ.

ಆ ವರ್ಷ ನೇಹಾ ಎಂಬ ಹುಡುಗಿ, ಕೋ-ಪೈಲಟ್ ಆಗಲು ತರಬೇತಿಯಲ್ಲಿದ್ದವಳು, ಆ ಡಬ್ಬಿಯಲ್ಲಿ ಎರಡು ಸಲ ಫೇಲಾದಳು. ಇನ್ನು ತರಬೇತಿ ಸಾಕು, ಮನೆಗೆ ಹೋಗು ಎಂಬ ಅರ್ಥದ ಕಾಗದ ಕಂಪನಿಯಿಂದ ಬಂತು. ಅವಳು ನಮ್ಮ ಆಫೀಸಿಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು, ನಾನು ಕೊಟ್ಟ ಚಹಾ ತಣ್ಣಗಾಗುವವರೆಗೂ ಮುಟ್ಟಲಿಲ್ಲ. ಯೂನಿಯನ್ನಿನ ತರಬೇತಿ ಸಮಿತಿ ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ದೇಶಮುಖ್ ಮೆಲುದನಿಯ ಮನುಷ್ಯ. ಅವಳ ತರಬೇತಿಯ ಫೈಲು ತರಿಸಿ ಓದಿದರು. ಆರು ಪಾಠಕ್ಕೂ ಶಿಕ್ಷಕ ಒಬ್ಬನೇ. ಷರಾ ಬರೆಯುವ ಜಾಗದಲ್ಲಿ ಮೊದಲು "ನಿಧಾನ", ಆಮೇಲೆ "ಇನ್ನೂ ನಿಧಾನ", ಕೊನೆಗೆ "ಮೊದಲೇ ಹೇಳಿದ್ದೆ." ಎಲ್ಲಿ ತಪ್ಪಿತು, ಹೇಗೆ ತಿದ್ದಬೇಕು, ಒಂದು ಸಾಲೂ ಇಲ್ಲ.

"ಅವಳನ್ನು ಪಾಸು ಮಾಡಿ ಅಂತ ನಾವು ಕೇಳೋದಿಲ್ಲ ರಾವ್," ಎಂದರು ಕ್ಯಾಪ್ಟನ್. "ಹಿಂದೆ ಕೂತವರ ಜೀವ ಅವಳ ಕೈಯಲ್ಲಿರುತ್ತೆ. ಮೊದಲು ಸರಿಯಾಗಿ ಕಲಿಸಿ, ಆಮೇಲೆ ಪರೀಕ್ಷೆ ಮಾಡಿ. ಅಷ್ಟೇ ಕೇಳೋಣ."

ಅವರು ಹೇಳಿದರು, ನಾನು ಟೈಪ್ ಮಾಡಿದೆ. ಬೇರೆ ಶಿಕ್ಷಕರನ್ನು ಕೊಡಬೇಕು, ಇನ್ನೆರಡು ಪಾಠ ಕೊಡಬೇಕು, ತಪ್ಪನ್ನು ಬಿಡಿಸಿ ಹೇಳಬೇಕು, ಗದರಿಕೆಯನ್ನು ತರಬೇತಿ ಎಂದು ಕರೆಯಬಾರದು. ಈ ಕೊನೆಯ ವಾಕ್ಯ ಮಾತ್ರ ನನ್ನ ಸ್ವಂತದ್ದು. ಕ್ಯಾಪ್ಟನ್ ಅದನ್ನು ಉಳಿಸಿಕೊಂಡದ್ದರಿಂದ ನನಗೆ ಸ್ವಲ್ಪ ತಲೆ ತಿರುಗಿತು. ಕಾಗುಣಿತ ನೋಡಿಕೊಡಲಿ ಎಂಬ ನೆಪದಲ್ಲಿ ಕರಡನ್ನು ಮನೆಗೆ ಒಯ್ದು ಹೆಂಡತಿಗೆ ಕೊಟ್ಟೆ. ಸುಮತಿ ಶಾಲೆಯ ಟೀಚರು, ಇಂಗ್ಲಿಷ್ ನನಗಿಂತ ವಾಸಿ.

ಇಲ್ಲಿ ನಮ್ಮ ಮನೆಯ ಸಂಗತಿ ಹೇಳಬೇಕು. ಬೇಲಾಪುರದ ಗುಡ್ಡದ ಬುಡದಲ್ಲಿರುವ ಅವಳ ಶಾಲೆಯಲ್ಲಿ ಬೆಳಗಿನ ಪಾಳಿಯ ಮುಖ್ಯಸ್ಥೆಯ ಹುದ್ದೆ ಅವಳಿಗೆ ಸಿಗುವುದರಲ್ಲಿತ್ತು. ಆರೂವರೆಗೆ ಶಾಲೆಯಲ್ಲಿರಬೇಕು, ಆ ಹೊತ್ತಿಗೆ ರಿಕ್ಷಾ ಸಿಕ್ಕರೆ ಪುಣ್ಯ. ಹಾಗಾಗಿ ಗೇರಿಲ್ಲದ ಸ್ಕೂಟರ್ ತಂದೆವು. ಕಲಿಸುವ ಭಾರ ನಾನು ಹೊತ್ತೆ. ಭಾನುವಾರ ಬೆಳಗ್ಗೆ ನಮ್ಮ ಸೆಕ್ಟರಿನ ಖಾಲಿ ರಸ್ತೆಯಲ್ಲಿ ಅವಳು ಮುಂದೆ, ನಾನು ಹಿಂದೆ ಓಡುತ್ತ, "ಬ್ರೇಕು! ಅಯ್ಯೋ ಬ್ರೇಕು! ರೇಸ್ ಕೊಡಬೇಡ! ಕೊಡು ಮಾರಾಯ್ತಿ, ಕೊಡು!" ಎಂದು ಇಡೀ ಸೆಕ್ಟರನ್ನು ಎಬ್ಬಿಸುತ್ತಿದ್ದೆ. ನಾಲ್ಕನೆಯ ಭಾನುವಾರ ಅವಳು ಸ್ಕೂಟರನ್ನು ಹಾಲಿನ ಬೂತಿಗೆ ಒರಗಿಸಿ, "ನನ್ನ ಕೈಲಾಗುವುದಿಲ್ಲ. ಆ ಹುದ್ದೆ ಬೇಡ ಅಂತ ಬರೆದುಕೊಡ್ತೇನೆ," ಎಂದು ನಡೆದೇ ಮನೆಗೆ ಹೋದಳು. ನಾನು ಅದನ್ನು ಅವಳ ಧೈರ್ಯದ ಕೊರತೆ ಎಂದು ತೀರ್ಮಾನಿಸಿದೆ.

ಕರಡು ಓದಿದ ಸುಮತಿ ಹಾಳೆಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡಳು. ನಾವು ಮನೆಯಲ್ಲಿ ಆಡುವುದು ತುಳು. ಸಿಟ್ಟು ಬಂದರೂ ತುಳುವೇ. ತೀರಾ ಸಿಟ್ಟು ಬಂದಾಗ ಮಾತ್ರ ಅವಳು ಪಠ್ಯಪುಸ್ತಕದ ಕನ್ನಡಕ್ಕೆ ಇಳಿಯುತ್ತಾಳೆ.

"ಈ ಪತ್ರವನ್ನು ತಾವೇ ಸಿದ್ಧಪಡಿಸಿದಿರಾ?" ಎಂದಳು.

"ಹೌದು. ಯಾಕೆ, ತಪ್ಪಿದೆಯಾ?"

"ಪತ್ರದಲ್ಲಿ ತಪ್ಪಿಲ್ಲ. ನಾಲ್ಕು ಭಾನುವಾರ ನನಗೆ ಕಲಿಸಿದ್ದೀರಲ್ಲ, ನನ್ನ ತಪ್ಪೇನು ಎಂದು ಒಂದು ಸಲವಾದರೂ ಹೇಳಿದ್ದೀರಾ?"

"ಹೇಳಿದೆನಲ್ಲ, ಬ್ರೇಕು ಅಂತ!"

"ಬ್ರೇಕು ಹಿಡಿದೇ ಇದ್ದೆ. ಹಿಡಿದುಕೊಂಡೇ ರೇಸ್ ಕೊಡುತ್ತಿದ್ದೆ. ಅದು ನಿನ್ನೆ ಕೆಳಗಿನ ಮನೆಯ ಪವಾರ್ ಕಾಕು ಹೇಳಿದ ಮೇಲೆ ಗೊತ್ತಾಯಿತು. ನಾಳೆಯಿಂದ ಅವರೇ ಕಲಿಸುತ್ತಾರೆ. ತಾವು ಕೆಳಗೆ ಇಳಿಯಬಾರದು."

ಇಪ್ಪತ್ತು ವರ್ಷ ಯೂನಿಯನ್ನಿನ ಅನ್ನ ತಿಂದವನು ಅಡುಗೆಮನೆಯ ಬಾಗಿಲಲ್ಲಿ ಒಂದೇ ನಿಮಿಷದಲ್ಲಿ ಮ್ಯಾನೇಜ್‌ಮೆಂಟ್ ಆಗಿಬಿಟ್ಟೆ. "ಆ ಮುದುಕಿಗೆ ಏನು ಗೊತ್ತು?" ಎಂದೂ ಅಂದೆ. ಸೊಸೈಟಿಗೆಲ್ಲ ಚಿಕ್ಕಮ್ಮನಾಗಿದ್ದ, ಅರವತ್ತು ದಾಟಿದ ಪವಾರ್ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ ದಿನವೂ ವಾಶಿಯ ಮಾರ್ಕೆಟ್ಟಿಗೆ ಸ್ಕೂಟರಿನಲ್ಲೇ ಹೋಗಿಬರುತ್ತಿದ್ದದ್ದು ನನಗೆ ಗೊತ್ತಿಲ್ಲದ್ದೇನಲ್ಲ.

ಒಂದು ವಾರ ಬಾಲ್ಕನಿಯಲ್ಲಿ ಒಣಗಲು ಹಾಕಿದ ಲುಂಗಿಯ ಮರೆಯಿಂದ ನೋಡಿದೆ. ಕಾಕು ಓಡಲಿಲ್ಲ, ಕೂಗಲಿಲ್ಲ. ಕಟ್ಟೆಯ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತ, ಸುಮತಿ ಒಂದು ಸುತ್ತು ಮುಗಿಸಿ ಬಂದಾಗ ಮರಾಠಿಯಲ್ಲಿ ಎರಡು ಮಾತು ಹೇಳುತ್ತಿದ್ದರು, ಅಷ್ಟೇ. ಐದನೆಯ ದಿನ ಸುಮತಿ ಬಸ್ಸೊಂದಕ್ಕೆ ದಾರಿ ಬಿಟ್ಟು, ನಿಂತು, ಮತ್ತೆ ಹೊರಟಳು. ಮೇಲಿದ್ದ ನಾನು ಅಭ್ಯಾಸಬಲದಿಂದ "ಬ್ರೇಕು!" ಎಂದೆ. ಕಾಕು ತಲೆಯೆತ್ತಿ ನೋಡಿದರು. ನಾನು ಲುಂಗಿ ಎಳೆದುಕೊಂಡು ಒಳಗೆ ಹೋದೆ.

ಅತ್ತ ಕಂಪನಿ ನಮ್ಮ ಪತ್ರಕ್ಕೆ ಒಪ್ಪಿತು. ಬೇರೆ ಶಿಕ್ಷಕರು ಸಿಕ್ಕರು, ನೇಹಾ ಪಾಸಾದಳು. ಪೇಡೆಯ ಡಬ್ಬ ಹಿಡಿದು ಬಂದವಳು ಈ ಸಲ ಕುರ್ಚಿಯ ತುಂಬ ಕೂತು ಎರಡು ಕಪ್ ಚಹಾ ಕುಡಿದಳು. "ಬಲಗಾಲಿನ ಪೆಡಲ್ ಬೇಗ ಒತ್ತುತ್ತಿದ್ದೆನಂತೆ ಅಂಕಲ್, ಅಷ್ಟೇ!" ಎಂದು ನಕ್ಕಳು.

ಸುಮತಿಯ ಪರೀಕ್ಷೆ ವಾಶಿಯ ಆರ್‌ಟಿಓದಲ್ಲಿ. ಕಾಲು ನೆಲಕ್ಕಿಡದೆ ಎಂಟರ ಆಕಾರದಲ್ಲಿ ಸ್ಕೂಟರ್ ತಿರುಗಿಸಿದಳು, ಪಾಸಾದಳು. ಅಧಿಕಾರಿ ನನ್ನ ಕಡೆ ತಿರುಗಿ, "ಗಾಡಿ ಇಲ್ಲಿಗೆ ತಂದವರು ನೀವಾ? ಲೈಸೆನ್ಸ್ ತೋರಿಸಿ," ಎಂದ. ಠೀವಿಯಿಂದ ತೆಗೆದುಕೊಟ್ಟೆ. ಊರಿನಲ್ಲಿ ಇಪ್ಪತ್ತರ ಹರೆಯದಲ್ಲಿ ಮಾಡಿಸಿದ್ದು, ಮೀಸೆ ಮೂಡಿದ ಹೆಮ್ಮೆಯ ಫೋಟೋ ಬೇರೆ. ಆತ ನೋಡಿ, "ಇದರ ಅವಧಿ ಮುಗಿದು ವರ್ಷಗಳಾದವು. ಇನ್ನು ಮೊದಲಿನಿಂದ ಕಲಿತು ಪರೀಕ್ಷೆ ಕೊಡಿ," ಎಂದ. ಸುಮತಿ ಸ್ಕೂಟರ್ ಸ್ಟಾರ್ಟ್ ಮಾಡಿ, ಹಿಂದಿನ ಸೀಟನ್ನು ಒರೆಸಿಕೊಟ್ಟಳು.

ತಿಂಗಳ ನಂತರ ಪರೀಕ್ಷೆ ಕೊಟ್ಟೆ. ಎಂಟರ ಮೊದಲ ಸೊನ್ನೆಯಲ್ಲೇ ಕಾಲು ನೆಲಕ್ಕಿಟ್ಟೆ, ಫೇಲಾದೆ. ಆಮೇಲೆ ಸುಮತಿಯೇ ನನಗೆ ಕಲಿಸತೊಡಗಿದಳು. ಬೆಳಗಿನ ಪಾಳಿ ಮುಗಿಸಿ ಬಂದ ಮುಖ್ಯೋಪಾಧ್ಯಾಯಿನಿಗೆ ಅದೆಲ್ಲಿಂದ ಅಷ್ಟು ತಾಳ್ಮೆಯೋ! ಗದರುತ್ತಿರಲಿಲ್ಲ. ಎಡಕ್ಕೆ ವಾಲುತ್ತೀರಿ, ಕಣ್ಣು ಚಕ್ರದ ಮೇಲಿದೆ, ದಾರಿಯ ಮೇಲಿಡಿ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಒಂದು ಸಲವಾದರೂ ಕೂಗಬಾರದೇ ಎಂದು ನನ್ನ ಪ್ರಾರ್ಥನೆ. ಆಗ ಬಿದ್ದದ್ದಕ್ಕೆ ಅವಳ ಕೂಗೇ ಕಾರಣ ಎನ್ನಬಹುದಿತ್ತು. ಇಷ್ಟು ಒಳ್ಳೆಯ ಶಿಕ್ಷಕಿ ಸಿಕ್ಕ ಮೇಲೆ ದಡ್ಡ ಯಾರು ಎಂಬುದು ಇಡೀ ಸೆಕ್ಟರಿಗೆ ಗೊತ್ತಾಗಿಬಿಡುತ್ತದೆ.