ಸುಖಾಗಮನ ಬಯಸುವವರು

ಪಾಲಯ್ಯನ ಮನೆಯಲ್ಲಿ ಎರಡು ಕಂಪ್ಯೂಟರುಗಳಿಗೆ ನಂಟು ಬೆಳೆಯಲು ಕಾರಣ ಅವನ ಅಕ್ಕ ಹುಲಿಗೆಮ್ಮನ ತೋರುಬೆರಳು.

ಮಗಳು ಸುಷ್ಮಿತಾಳ ಮದುವೆಗೆ ಹನ್ನೆರಡೇ ದಿನ ಉಳಿದಿತ್ತು. ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಪಾಲಯ್ಯ ಲಗ್ನಪತ್ರಿಕೆಯನ್ನು ತಾನೇ ಟೈಪು ಮಾಡಿದ್ದ. ಅದು ಅವತ್ತು ನಾಲ್ಕು ಗಂಟೆಯೊಳಗೆ ಚಿತ್ರದುರ್ಗದ ಪ್ರೆಸ್ಸಿಗೆ ಹೋಗಬೇಕು. ತಪ್ಪಿದರೆ ಪ್ರೆಸ್ಸಿನವರು ಮುಟ್ಟುವುದು ಮುಂದಿನ ವಾರ. ಆಮೇಲೆ ಕಾರ್ಡನ್ನು ಊಟದ ಪಂಕ್ತಿಯಲ್ಲಿ ಉಪ್ಪಿನಕಾಯಿಯ ಹಿಂದೆ ಬಡಿಸಬೇಕಾಗುತ್ತದೆ.

ತುರುವನೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ಹುಲಿಗೆಮ್ಮ ಮೆಣಸಿನಕಾಯಿ ಬಜ್ಜಿ ತಿನ್ನುತ್ತಲೇ ಬಂದು, ಎಣ್ಣೆ ಬೆರಳನ್ನು ಪರದೆಯ ಮೇಲೆ ಒತ್ತಿದಳು.

"ಲೇ ಪಾಲಯ್ಯ, ನನ್ನ ಹೆಸರು ಇಷ್ಟು ಕೆಳಗೈತಾ? ನಿನ್ನ ಸೊಂಟದ ಮೇಲೆ ಹೊತ್ತು ಆಡಿಸ್ದೋಳು ಕಣೋ ನಾನು!"

"ಸುಖಾಗಮನ ಬಯಸುವವರು" ಎಂಬ ಸಾಲಿನ ಮೇಲೆ ದುಂಡಗೆ ಎಣ್ಣೆ ಹತ್ತಿತು. ಬೆನ್ನ ಹಿಂದೆ ಅಣ್ಣ ಮೂಡಲಗಿರಿಯಪ್ಪ, ನಿವೃತ್ತ ಬಸ್ ಕಂಡಕ್ಟರು, ಪಾಲಯ್ಯನ ಕತ್ತಿನ ಮೇಲೆ ಉಸಿರು ಬಿಡುತ್ತಾ ನಿಂತಿದ್ದ. ಪಕ್ಕದ ಮನೆಯ ಬಾಲರಾಜು ಕಿಟಕಿಯಿಂದಲೇ ಸಲಹೆ ಕೊಡುತ್ತಿದ್ದ. ಇಷ್ಟು ಜನರ ನಡುವೆ ಟೈಪು ಮಾಡುವುದಿರಲಿ, ಉಸಿರಾಡುವುದೇ ಕಷ್ಟವಾಗಿತ್ತು.

ಅಡುಗೆಮನೆ ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಹೈಸ್ಕೂಲಿನವರು ಹರಾಜು ಹಾಕಿದಾಗ ತಂದದ್ದು. ಪಾಲಯ್ಯನ ಹೆಂಡತಿ ದುರುಗಕ್ಕ ತನ್ನ ಸ್ತ್ರೀಶಕ್ತಿ ಸಂಘದ ನಡಾವಳಿಯನ್ನು ಅದರಲ್ಲೇ ಟೈಪು ಮಾಡುತ್ತಿದ್ದಳು.

"ಅದನ್ನ ಇದಕ್ಕೆ ಜೋಡಿಸಿಬಿಡ್ತೀನಿ," ಎಂದ ಪಾಲಯ್ಯ. "ಇಲ್ಲಿರೋ ಕಾರ್ಡು ಅಲ್ಲೂ ಕಾಣ್ತದೆ. ನೀವು ಅಲ್ಲಿ ಕುಂತ್ಕಂಡು ನೋಡ್ರಿ. ನಾನಿಲ್ಲಿ ನೆಮ್ಮದಿಯಾಗಿ ಕೆಲಸ ಮಾಡ್ತೀನಿ."

ಬಾಲರಾಜು ಕರೆಯದೇ ಒಳಗೆ ಬಂದು ನಡುಮನೆಗೆ ಅಡ್ಡಲಾಗಿ ವೈರು ಎಳೆದ. ಮೂಡಲಗಿರಿಯಪ್ಪ ಅದಕ್ಕೆ ಎರಡು ಸಲ ಎಡವಿದ. ಪ್ಲಗ್ಗಿಗೆ ಜಾಗ ಸಾಲದೆ ದುರುಗಕ್ಕನ ಮಿಕ್ಸಿಯನ್ನು ಕಿತ್ತರು. ಅವಳು ಮುದ್ದೆ ಕೋಲು ಹಿಡಿದೇ ಆಚೆ ಬಂದಳು.

"ಏನ್ರೀ, ಆ ಕಾರ್ಡಲ್ಲಿ ನನ್ನ ಹೆಸರೈತಾ?"

"ಐತಲ್ಲ! ಶ್ರೀಮತಿ ಮತ್ತು ಶ್ರೀ ಪಾಲಯ್ಯ ಅಂತ. ಆ ಶ್ರೀಮತಿ ನೀನೇ."

ದುರುಗಕ್ಕ ಒಲೆಯ ಕಡೆಗೆ ತಿರುಗಿದಳು.

ಜೋಡಣೆ ಮುಗಿಯುವ ಹೊತ್ತಿಗೆ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು. ಆ ಕಡೆಯವರು ಈ ಫೈಲನ್ನು ಬರೀ ನೋಡಬಹುದೇ, ತಿದ್ದಲೂಬಹುದೇ?

"ತಿದ್ದಬಹುದು ಅಂತ ಒತ್ತು ಪಾಲಣ್ಣ," ಎಂದ ಬಾಲರಾಜು. "ಇಲ್ಲಾಂದ್ರೆ ಮನೇರ ಮೇಲೆ ನಂಬಿಕೆ ಇಲ್ಲ ಅಂದಂಗಾಗ್ತದೆ."

"ಅಪ್ಪಾ, ಬ್ಯಾಡ!" ಎಂದು ಒಳಗಿನಿಂದ ಸುಷ್ಮಿತಾ ಕೂಗಿದಳು.

"ನೀ ಸುಮ್ನಿರಮ್ಮ. ಮದುಮಗಳು ಇದ್ರಾಗೆಲ್ಲ ಬಾಯಿ ಹಾಕಬಾರ್ದು," ಎಂದು ಪಾಲಯ್ಯ ಒತ್ತಿಯೇಬಿಟ್ಟ.

ಕೋಲು ಕೊಟ್ಟು ಹೊಡೆಸಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಪಾಲಯ್ಯ ಚಹಾ ಕುಡಿದು ಬಂದು ಫೈಲು ತೆರೆದರೆ ಹುಲಿಗೆಮ್ಮ ಎಲ್ಲರಿಗಿಂತ ಮೇಲೆ ದಪ್ಪಕ್ಷರದಲ್ಲಿ ಕೂತಿದ್ದಳು. ಸರಿಪಡಿಸಿ ಮುಚ್ಚಿದ. ಮತ್ತೆ ತೆರೆದರೆ ಅಣ್ಣನ ಹೆಸರು ಮೇಲಿತ್ತು. ಅವನು ಕಂಡಕ್ಟರಾಗಿ ಎಂದೂ ಹೋಗದ ರೂಟುಗಳ ಹೆಸರೂ ಜೊತೆಗಿದ್ದವು. ಮೂರನೇ ಸಲ ಬಾಲರಾಜುವಿನ ಮನೆಯ ಏಳೂ ಜನ, ಇನ್ನೂ ಅಂಬೆಗಾಲಿಡುವ ಕೂಸಿನ ಸಮೇತ, ಸುಖಾಗಮನ ಬಯಸುತ್ತಿದ್ದರು.

"ಬಾಲರಾಜು, ನೀನ್ಯಾಕೋ ನಮ್ಮ ಸಾಲಿನಾಗೆ?"

"ಮತ್ತೆ ವೈರ್ ಎಳೆದೋನು ಯಾರು?"

ಒಂದು ಗಂಟೆಗೆ ಹೆಸರುಗಳು ನಲವತ್ತೊಂದಾದವು. ಅದರಲ್ಲಿ ಆದಿವಾಲದ ದೊಡ್ಡಮ್ಮನೂ ಇದ್ದಳು.

"ಅಣ್ಣ, ದೊಡ್ಡಮ್ಮ ತೀರ್ಕಂಡು ಮೂರು ವರ್ಷ ಆತಲ್ಲ. ಹೆಂಗೆ ಬಯಸ್ತಾಳೆ?"

"ಮೇಲಿಂದ ಬಯಸ್ತಾಳೆ. ಹಾಕು."

ಕೊನೆಗೆ ಪಾಲಯ್ಯನಿಗೇ ಒಂದು ಬುದ್ಧಿ ಹೊಳೆಯಿತು. ನಲವತ್ತೊಂದು ಹೆಸರನ್ನೂ ರೊಟ್ಟಿಯಂತೆ ದುಂಡಗೆ ಜೋಡಿಸಿದ. ದುಂಡಗಿರುವುದಕ್ಕೆ ಮೇಲೆಲ್ಲಿ, ಕೆಳಗೆಲ್ಲಿ? ಎಲ್ಲರೂ ಕತ್ತು ತಿರುಗಿಸಿ ತಿರುಗಿಸಿ ಓದಿ ಒಪ್ಪಿದರು. ಪಾಲಯ್ಯ ಉಳಿಸಿ ಮುಚ್ಚಿದ. ಆದರೆ ಯಾರಿಗೆ ಯಾರ ಮೇಲೆ ನಂಬಿಕೆ? ಒಬ್ಬರು ಎದ್ದರೆ ಇನ್ನೊಬ್ಬರು ತಿದ್ದುತ್ತಾರೆಂದು ಎಲ್ಲರೂ ಮುಂದಿನ ಕೋಣೆಯಲ್ಲಿದ್ದ ಪಾಲಯ್ಯನ ಕಂಪ್ಯೂಟರಿನ ಸುತ್ತ ಕಾವಲು ಕೂತರು.

"ಊಟಕ್ಕೆ ಬರ್ರಿ," ಎಂದು ದುರುಗಕ್ಕ ಕರೆದಳು. ಯಾರೂ ಏಳಲಿಲ್ಲ. ಇನ್ನೆರಡು ಸಲ ಕರೆದಳು. ಆಮೇಲೆ ಒಳಗಿನಿಂದ ಸ್ವಲ್ಪ ಹೊತ್ತು ಟಕ್ ಟಕ್ ಎಂದು ಸದ್ದು ಬಂತು. ಬೆಳ್ಳುಳ್ಳಿ ಜಜ್ಜುತ್ತಿದ್ದಾಳೆ ಅಂದುಕೊಂಡರು.

ಎರಡು ಗಂಟೆಗೆ ಕರೆಂಟು ಹೋಯಿತು. ಇನ್ನು ಯಾರೂ ತಿದ್ದಲಾರರೆಂಬ ಧೈರ್ಯದಲ್ಲಿ ಎಲ್ಲರೂ ಒಟ್ಟಿಗೆ ಎದ್ದರು. ಮುದ್ದೆ ಆಗಲೇ ಕಲ್ಲಾಗಿತ್ತು.

"ಬಿಸಿ ಇದ್ದಾಗ ಕರೀಬಾರ್ದಾ?" ಎಂದ ಪಾಲಯ್ಯ.

"ನಾಲ್ಕು ಸಲ ಕರ್ದೀನಿ," ಎಂದಳು ದುರುಗಕ್ಕ.

ಕರೆಂಟು ಬಂದದ್ದು ನಾಲ್ಕಕ್ಕೆ ಐದು ನಿಮಿಷ ಇರುವಾಗ. ಪ್ರೆಸ್ಸಿನ ಪಂಚಾಕ್ಷರಪ್ಪ ಫೋನಿನಲ್ಲಿದ್ದ. "ಸಾರ್, ಈಗ ಕಳ್ಸಿದ್ರೆ ಸಂಜೆ ಬಸ್ಸಿಗೆ ಮುನ್ನೂರು ಕಾರ್ಡು ಹಾಕ್ತೀನಿ. ಇಲ್ಲಾಂದ್ರೆ ಮುಂದಿನ ವಾರ."

ಫೈಲು ತೆರೆದು ಒಮ್ಮೆ ನೋಡೋಣವೆಂದು ಪಾಲಯ್ಯನ ಕೈ ಹೋಯಿತು. ಹಿಂದೆ ಹುಲಿಗೆಮ್ಮನ ಬೆರಳು ಮೇಲೇಳುವುದು ಕಾಣಿಸಿತು. ತೆರೆದರೆ ತಾನೇ ಜಗಳ! ತೆರೆಯದೇ ಕಳಿಸಿಬಿಟ್ಟ.

"ಪಂಚಾಕ್ಷರಪ್ಪ, ಇದ್ದದ್ದು ಇದ್ದಂಗೆ ಹೊಡೀರಿ. ಒಂದಕ್ಷರಾನೂ ಮುಟ್ಟಬ್ಯಾಡ್ರಿ!"

ಏಳು ಗಂಟೆಯ ಬಸ್ಸಿಗೆ ಕಟ್ಟು ಬಂತು. ಸುಷ್ಮಿತಾ ದಾರ ಕತ್ತರಿಸಿ ಒಂದೊಂದು ಕಾರ್ಡನ್ನು ಎಲ್ಲರ ಕೈಗೂ ಕೊಟ್ಟಳು. ಮೇಲೆ ವಧೂವರರು, ಮುಹೂರ್ತ, ಛತ್ರ ಎಲ್ಲಾ ಸರಿಯಾಗಿತ್ತು. ಕೆಳಗೆ ಬಂಗಾರದ ಬಣ್ಣದಲ್ಲಿ ಹೀಗಿತ್ತು:

"ಸುಖಾಗಮನ ಬಯಸುವವರು: ಹೆಸರು ಆಮೇಲೆ ನೋಡ್ಕಳಾಣ. ಮುದ್ದೆ ತಣ್ಣಗಾಗ್ತೈತೆ. ಎಲ್ರೂ ಬರ್ರಿ. ಇಂತಿ, ದುರುಗಕ್ಕ."

ಪಾಲಯ್ಯ ಕಾರ್ಡನ್ನು ಎರಡು ಸಲ ಓದಿದ. ಪ್ರೆಸ್ಸಿಗೆ ಫೋನು ಹಚ್ಚಿದ.

"ನಾನೂ ಓದ್ದೆ ಸಾರ್," ಎಂದ ಪಂಚಾಕ್ಷರಪ್ಪ. "ಮುಟ್ಟಬ್ಯಾಡ ಅಂದ್ರಲ್ಲ. ಹೊಸಾ ಥರ ಐತೆ ಅನ್ಕಂಡೆ."

ಹುಲಿಗೆಮ್ಮ ಸೆರಗು ಬಿಗಿದಳು. "ನಲವತ್ತೊಂದು ಹೆಸರು ಕಿತ್ತು ಹೆಂಡ್ತಿ ಹೆಸರೊಂದೇ ಇಟ್ಟೀಯಲ್ಲೋ! ಇದಕ್ಕೇ ಏನೋ ನೀನು ತೆರೆದು ತೋರಿಸ್ದೇ ಕಳ್ಸಿದ್ದು?"

"ದುಂಡಗೆ ಬರೆದಾಗ್ಲೇ ನಂಗೆ ಅನುಮಾನ ಬಂದಿತ್ತು," ಎಂದ ಮೂಡಲಗಿರಿಯಪ್ಪ.

ಪಾಲಯ್ಯ ಹೆಂಡತಿಯ ಕಡೆ ತಿರುಗಿದ. "ಏನೇ ಇದು?"

"ಕೂಗಿದ್ರೆ ನಿಮಗೆ ಕೇಳಲ್ಲ. ಆ ಕಾರ್ಡನ್ನಾದ್ರೆ ಗಳಿಗೆಗೊಂದು ಸಲ ತೆರೀತೀರಿ. ಅದಕ್ಕೇ ಅದ್ರಾಗೇ ಬರ್ದೆ," ಎಂದಳು ದುರುಗಕ್ಕ. ಅವಳು ಕನ್ನಡಕ ಹಾಕಿಕೊಂಡು ತನ್ನ ಹೆಸರಿನ ಮೇಲೆ ನಿಧಾನವಾಗಿ ಬೆರಳಾಡಿಸುತ್ತಿದ್ದಳು. ಈ ಮನೆಗೆ ಬಂದು ಇಪ್ಪತ್ತಾರು ವರ್ಷ. ಒಂದು ಪತ್ರಿಕೆಯಲ್ಲೂ ಆ ಹೆಸರು ಬಂದಿರಲಿಲ್ಲ. ಪಾಲಯ್ಯನಿಗೆ ಅದು ಈಗ ಹೊಳೆದು ಒಂದು ಕ್ಷಣ ನಾಚಿಕೆಯಾಯಿತು. ಆದರೆ ಎದುರಿಗೆ ಅಕ್ಕ ನಿಂತಿದ್ದಳು.

"ಇನ್ನೊಂದ್ಸಲ ಪ್ರಿಂಟ್ ಹಾಕ್ಸಾಣ ಬಿಡು," ಎಂದ.

"ಹಾಕಿಸ್ರಿ," ಎಂದಳು ದುರುಗಕ್ಕ. "ನಾಳೆಯಿಂದ ಮುದ್ದೆ ಆ ಶ್ರೀಮತೀನೇ ತಿರುವ್ಲಿ."

ಪಾಲಯ್ಯ ಒಂದು ಪೆನ್ನು ಹುಡುಕಿ, ಮುನ್ನೂರು ಕಾರ್ಡುಗಳನ್ನು ಮುಂದೆ ಇಟ್ಟುಕೊಂಡು, ಉಳಿದ ನಲವತ್ತೊಂದು ಹೆಸರನ್ನು ಕೈಯಲ್ಲೇ ಬರೆಯಲು ಕೂತ. ಮೊದಲನೆಯ ಕಾರ್ಡಿನ ಮೇಲೆ ಒಂದು ಬೆರಳು ಬಂದು ಒತ್ತಿತು.

"ನನ್ನದು ಇಲ್ಲಿಂದ ಶುರು ಮಾಡು," ಎಂದಳು ಹುಲಿಗೆಮ್ಮ.