ಹಿಂಬದಿ ಮೆಟ್ಟಿಲಿನ ನಿದ್ರಾಪ್ರಿಯ ಕ್ಯಾಮೆರಾ ಅವರ ಸನ್ನಿಧಿಗೆ

ನಮ್ಮ ಕಟ್ಟಡದ ಹಿಂಬದಿ ಮೆಟ್ಟಿಲಿನ ಗೋಡೆಯ ಮೇಲೆ, ವೈರಿನ ಹಂಗಿಲ್ಲದೆ, ಮೊಳೆಯ ನೋವನ್ನೂ ಕೊಡದೆ, ಅಂಟಿನ ಬಲದಿಂದಲೇ ವಿರಾಜಮಾನರಾಗಿರುವ ಬ್ಯಾಟರಿ ಕ್ಯಾಮೆರಾ ಅವರಲ್ಲಿ, ನಿವಾಸಿಗಳ ಸಂಘದ ಕಾರ್ಯದರ್ಶಿಯು ಕೈಜೋಡಿಸಿ ಮಾಡಿಕೊಳ್ಳುವ ಅರಿಕೆ.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂದು ಬಲ್ಲೆ. 'ಬ್ಯಾಟರಿ ಕಡಿಮೆಯಿದೆ' ಎಂಬ ತಮ್ಮ ನರಳಾಟ ನನ್ನ ಫೋನಿಗೆ ತಪ್ಪದೆ ಬರುತ್ತಿದೆ. ಬೆಕ್ಕು ಹಾದುಹೋದಾಗ 'ಮನುಷ್ಯರೊಬ್ಬರು ಬಂದಿದ್ದಾರೆ' ಎಂದೂ, ನಮ್ಮ ಸಂಘದ ಅಧ್ಯಕ್ಷರು ಹಾದುಹೋದಾಗ 'ಪ್ರಾಣಿಯೊಂದು ಕಂಡಿದೆ' ಎಂದೂ ತಾವು ಕಳಿಸುವ ಸಂದೇಶಗಳನ್ನು ನಾನು ಶ್ರದ್ಧೆಯಿಂದ ಓದುತ್ತೇನೆ. ಎರಡನೆಯದನ್ನು ಅಧ್ಯಕ್ಷರಿಗೆ ಇನ್ನೂ ತೋರಿಸಿಲ್ಲ.

ತಾವು ನಮ್ಮಲ್ಲಿಗೆ ದಯಮಾಡಿಸಿದ ಬಗೆಯನ್ನು ಸ್ವಲ್ಪ ನೆನಪಿಸುತ್ತೇನೆ, ಏಕೆಂದರೆ ಆಗಲೂ ತಾವು ಪೆಟ್ಟಿಗೆಯೊಳಗೆ ಮಲಗಿದ್ದಿರಿ. ಬಾಗಿಲು, ವಾಹನ ನಿಲ್ಲಿಸುವ ಜಾಗ, ಲಿಫ್ಟು ಇವುಗಳಿಗೆ ನಮ್ಮಲ್ಲಿ ಮೊದಲೇ ವೈರಿನ ಕ್ಯಾಮೆರಾಗಳಿದ್ದವು. ಅವು ಕಂಡದ್ದೆಲ್ಲ ಸಂಘದ ಕೋಣೆಯಲ್ಲಿರುವ ರೆಕಾರ್ಡರ್ ಪೆಟ್ಟಿಗೆಗೆ ಹೋಗಿ ಸೇರುತ್ತದೆ. ಲಿಫ್ಟಿನ ಕನ್ನಡಿಯ ಮುಂದೆ ಯಾರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ ಎಂಬುದೂ ಅದರಲ್ಲಿ ಭದ್ರವಾಗಿದೆ. ಹಿಂಬದಿ ಮೆಟ್ಟಿಲಿಗೂ ಒಂದು ಹಾಕೋಣವೆಂದರೆ, ಹೊಸದಾಗಿ ಬಣ್ಣ ಬಳಿದ ಗೋಡೆಗೆ ತೂತು ಕೊರೆಯಲು ಅಧ್ಯಕ್ಷರು ಸುತರಾಂ ಒಪ್ಪಲಿಲ್ಲ. ಹೀಗಾಗಿ ಬ್ಯಾಟರಿಯವರೇ ಬೇಕೆಂದಾಯಿತು. ಕೊಳ್ಳುವ ಮುನ್ನ ನಾನು ಒಂದೇ ಒಂದು ಷರತ್ತು ಬರೆದಿದ್ದೆ: 'ಲೋಕಲ್ ರೆಕಾರ್ಡಿಂಗ್ ಇರಬೇಕು.' ಅಂದರೆ, ಕಂಡದ್ದನ್ನು ನಮ್ಮದೇ ಪೆಟ್ಟಿಗೆಗೆ ಒಪ್ಪಿಸುವಂಥ ಕ್ಯಾಮೆರಾ ಆಗಿರಬೇಕು ಎಂದು.

ಸಭೆಯಲ್ಲಿ ಅದನ್ನು ಓದಿದ ಅಧ್ಯಕ್ಷರು ಮೂಗು ಮುರಿದರು. "ಏನ್ರೀ ಇದು, ಲೋಕಲ್ಲು ಗೀಕಲ್ಲು ಎಲ್ಲ ನಮ್ಮ ಬಿಲ್ಡಿಂಗಿಗೆ ಯಾಕ್ರೀ? ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಒಳ್ಳೇದೇ ತರ್ಸಿ" ಎಂದು ಆ ಸಾಲಿನ ಮೇಲೆ ಗೀಟು ಎಳೆದರು. ಸದಸ್ಯರು ಚಪ್ಪಾಳೆ ತಟ್ಟಿದರು. ಈ ಲೋಕಲ್ಲು ಆ ಲೋಕಲ್ಲಲ್ಲ, ಇದು ಮಾಲಿನ ಗುಣವಲ್ಲ, ಕೂಡಿಡುವ ಜಾಗ ಎಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಿಸ್ಕತ್ತಿನ ತಟ್ಟೆ ಬಂತು. ಆಮೇಲೆ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಆದರೂ ತಮಗೂ ಆ ಪೆಟ್ಟಿಗೆಗೂ ಸಂಬಂಧ ಕುದುರಿಸಲು ನಾನು ಪಟ್ಟ ಪಾಡು ಸ್ವಂತ ಮಗಳ ಮದುವೆಗೂ ಪಟ್ಟಿರಲಿಲ್ಲ. ಪೆಟ್ಟಿಗೆ ತಮ್ಮನ್ನು ಹುಡುಕಿ ಹುಡುಕಿ 'ಕ್ಯಾಮೆರಾ ಸಿಗಲಿಲ್ಲ' ಎಂದಿತು. ತಾವಿದ್ದದ್ದು ಅದೇ ಕೋಣೆಯ ಗೋಡೆಯ ಆಚೆ ಬದಿಗೆ. ತಮ್ಮ ಕಂಪನಿಗೆ ಫೋನು ಮಾಡಿದೆ. "ಸಾರ್, ಅದು ಬ್ಯಾಟರಿ ಕ್ಯಾಮೆರಾ ಅಲ್ವಾ, ಯಾವಾಗ್ಲೂ ಎಚ್ಚರ ಇದ್ರೆ ಬ್ಯಾಟರಿ ಖಾಲಿಯಾಗುತ್ತೆ. ಅದಕ್ಕೇ ಮಲಗಿರುತ್ತೆ. ಯಾರಾದ್ರೂ ಬಂದ್ರೆ ಏಳುತ್ತೆ" ಎಂದು ಒಬ್ಬ ಹೆಣ್ಣುಮಗಳು ಬಹಳ ವಿನಯದಿಂದ ಹೇಳಿದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದವರು ಶಕ್ತಿ ಉಳಿಸಲು ಕಣ್ಣು ಮುಚ್ಚುವುದೆಂದರೆ ಎಂಥ ದೂರದೃಷ್ಟಿ! ನಮ್ಮ ವಾಚ್‌ಮನ್ ಹೀಗೆ ಮಾಡಿದ್ದರೆ ಅವನನ್ನು ಎಂದೋ ಮನೆಗೆ ಕಳಿಸುತ್ತಿದ್ದೆವು. ಕೊನೆಗೆ ಮನೆಗೆ ಕಳಿಸಿದ್ದು ಅವನನ್ನೇ, ಅದೂ ಅವನು ಎಚ್ಚರವಾಗಿದ್ದ ತಪ್ಪಿಗೆ.

ಅವನನ್ನು ಕಳಿಸಿದ ದಿನ ಮಧ್ಯಾಹ್ನ ಲಿಫ್ಟು ಕೆಟ್ಟಿತ್ತು. ಅಧ್ಯಕ್ಷರ ತಾಯಿ, ನಾವೆಲ್ಲ ದೊಡ್ಡಮ್ಮ ಎನ್ನುವವರು, ಹಿಂಬದಿ ಮೆಟ್ಟಿಲಿಳಿಯುತ್ತ ತಲೆ ಸುತ್ತಿ ಬಿದ್ದರು. ಅವರು ಇಳಿಯುವಾಗ ತಾವು ಮಲಗಿದ್ದಿರಿ, ಬೀಳುವಾಗಲೂ ಮಲಗಿದ್ದಿರಿ. ಸದ್ದು ಕೇಳಿ ವಾಚ್‌ಮನ್ ಓಡಿ ಬಂದು, ಉರುಳಿಹೋಗಿದ್ದ ಅವರ ಕೈಚೀಲ ಎತ್ತಿಕೊಂಡು, ಇನ್ನೊಂದು ಕೈಯನ್ನು ಅವರ ಭುಜಕ್ಕೆ ಹಾಕುವ ಹೊತ್ತಿಗೆ ಸರಿಯಾಗಿ ತಮಗೆ ಎಚ್ಚರವಾಯಿತು. ನೆಲದ ಮೇಲೆ ಮುದುಕಿ, ಮೇಲೆ ಬಾಗಿದ ಗಂಡಸು, ಅವನ ಕೈಯಲ್ಲಿ ಆಕೆಯ ಚೀಲ: ಇಷ್ಟನ್ನು ಕಂಡು, ಇಷ್ಟು ಸಾಕೆಂದು ತೀರ್ಮಾನಿಸಿ, ಅವನು ಆಕೆಯನ್ನು ಹೊತ್ತುಕೊಂಡು ಹಿಂಬಾಗಿಲಿನಿಂದ ಆಸ್ಪತ್ರೆಗೆ ಓಡುವ ಮೊದಲೇ ತಾವು ಮತ್ತೆ ನಿದ್ದೆಹೋದಿರಿ.

ತಾವು ಹಿಡಿದ ಆ ವಿಡಿಯೊ ತುಣುಕು ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಇತ್ತು. "ತಳ್ಳಿದವನೇ ಎತ್ಕೊಂಡು ಹೋಗಿದಾನೆ, ನಾಟಕ ನೋಡಿ" ಎಂದರು ಅಧ್ಯಕ್ಷರು. ದೊಡ್ಡಮ್ಮ ಆಸ್ಪತ್ರೆ ತಲುಪುತ್ತಲೇ ಪ್ರಜ್ಞೆ ತಪ್ಪಿ ಮಲಗಿದ್ದರು. ಅಧ್ಯಕ್ಷರು ಫೋನನ್ನು ತನ್ನ ಮುಖಕ್ಕೆ ಹಿಡಿದಾಗ ವಾಚ್‌ಮನ್ ಒಂದೇ ಮಾತು ಹೇಳಿದ: "ಸಾರ್, ಮೊದಲಿಂದ ಹಾಕಿ ಸಾರ್. ಮೊದಲಿಂದ ತೋರ್ಸಿ." ಮೊದಲು ಎಂಬುದು ತಮ್ಮಲ್ಲಿ ಇರಲೇ ಇಲ್ಲ. ಕತ್ತಲಾಗುವ ಮುನ್ನ ಅವನೂ ಅವನ ಹೆಂಡತಿಯೂ ಪಾತ್ರೆ ಪಗಡಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಿದರು. ಗೇಟು ದಾಟುವಾಗ ಅವಳು ಅಳುತ್ತಿದ್ದಳು. ಬಾಗಿಲಿನ ಕ್ಯಾಮೆರಾ ಅದನ್ನು ಮೊದಲಿಂದ ಕೊನೆಯವರೆಗೂ ಚೆನ್ನಾಗಿ ಹಿಡಿದಿದೆ.

ಆದ್ದರಿಂದ ಮಾನ್ಯರೇ, ತಮ್ಮ ವಿಶ್ರಾಂತಿಗೆ ಭಂಗ ಬಾರದಂತೆ ಕೆಲವು ಬೇಡಿಕೆಗಳು. ಇನ್ನು ಮುಂದೆ ಯಾರಾದರೂ ಬೀಳುವುದಿದ್ದರೆ ಅದಕ್ಕೆ ಸ್ವಲ್ಪ ಮುಂಚೆಯೇ ತಾವು ಏಳತಕ್ಕದ್ದು. ಅದು ಕಷ್ಟವಾದರೆ, ಬೀಳಲಿರುವವರು ತಮ್ಮೆದುರು ನಿಂತು ಚಪ್ಪಾಳೆ ತಟ್ಟಿ, ತಾವು ಆಕಳಿಸಿ ಕಣ್ಣುಜ್ಜಿಕೊಂಡ ಮೇಲೆ ನಿಧಾನವಾಗಿ ಬೀಳಬೇಕೆಂದು ಫಲಕ ಹಾಕಿಸುತ್ತೇವೆ. ಕಳ್ಳರಿಗೂ ಅದೇ ನಿಯಮ. ಅದೂ ಆಗದಿದ್ದರೆ, ತಾವು ನಿದ್ದೆಯಲ್ಲಿ ಕಂಡ ಕನಸುಗಳನ್ನಾದರೂ ನಮ್ಮ ಪೆಟ್ಟಿಗೆಗೆ ಕಳಿಸಿಕೊಡಿ. ಸಾಕ್ಷಿಯಾಗಿ ಅವು ಹೆಚ್ಚೇನೂ ಕಳಪೆಯಿರಲಾರವು.

ದೊಡ್ಡಮ್ಮನಿಗೆ ಎಚ್ಚರವಾದಾಗ ಅವರು ಮಗನನ್ನು ಕೇಳಿದ ಮೊದಲ ಮಾತು, "ವಾಚ್‌ಮನ್ ಎಲ್ಲೋ? ತಲೆ ಸುತ್ತಿ ಬಿದ್ದೋಳನ್ನ ಮಗೂ ಥರ ಹೊತ್ಕೊಂಡು ಬಂದ ಕಣೋ. ಅವನಿಗೆ ಏನಾದ್ರೂ ಕೊಟ್ಯಾ?" ಮಗ ಕೊಟ್ಟದ್ದು ಗೇಟಿನ ದಾರಿ. ಅಧ್ಯಕ್ಷರು ತಾವೇ ಹೋಗಿ ಅವನನ್ನು ಕರೆತಂದರು. "ತಪ್ಪು ತಿಳ್ಕೋಬೇಡಪ್ಪಾ, ಕ್ಯಾಮೆರಾ ಹಂಗೆ ತೋರಿಸ್ತು" ಎಂದು ತಪ್ಪನ್ನೆಲ್ಲ ಮಾನ್ಯರಾದ ತಮ್ಮ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಅವನು "ಆಯ್ತು ಸಾರ್" ಎಂದು ಕೋಣೆಯ ಬೀಗದಕೈ ಇಸಿದುಕೊಂಡ. ಎಲ್ಲ ಸರಿಹೋಯಿತೆಂದು ನಾವೆಲ್ಲ ಹಗುರಾದೆವು.

ಮೊನ್ನೆ ಅದೇ ಮೆಟ್ಟಿಲಲ್ಲಿ ಎರಡನೇ ಮಹಡಿಯ ಪುಟ್ಟ ಹುಡುಗಿ ಜಾರಿಬಿದ್ದು, ಮಂಡಿ ಒಡೆದುಕೊಂಡು "ವಾಚ್‌ಮನ್ ಮಾಮಾ" ಎಂದು ಕಿರುಚಿದಳು. ನಾನು ಮೇಲಿನ ಕಿಟಕಿಯಲ್ಲಿದ್ದೆ. ಅವನು ಎಂದಿನಂತೆ ಓಡಿ ಬಂದ. ಬಂದವನು ಮಗುವಿನಿಂದ ಒಂದು ಮಾರು ದೂರದಲ್ಲೇ ನಿಂತುಬಿಟ್ಟ. ತಮ್ಮ ಕಡೆ ಮುಖವೆತ್ತಿ, ಖಾಲಿ ಕೈಗಳೆರಡನ್ನೂ ತೋರಿಸುತ್ತ ಬೀಸತೊಡಗಿದ. ತಾವು ಎಚ್ಚೆತ್ತ ಗುರುತಿನ ಕೆಂಪು ದೀಪ ಹೊತ್ತುವವರೆಗೂ ಬೀಸುತ್ತಲೇ ಇದ್ದ. ಅಷ್ಟು ಹೊತ್ತೂ ಮಗು ಅವನತ್ತ ಕೈ ಚಾಚಿಕೊಂಡು ಅಳುತ್ತಿತ್ತು. ದೀಪ ಹೊತ್ತಿತು. ಆಮೇಲೆ ಬಾಗಿ ಎತ್ತಿಕೊಂಡ.

ತಮ್ಮ ನಿದ್ದೆಗೆ ಶುಭ ಕೋರುವ,
ತಮ್ಮ ವಿಶ್ವಾಸಿ,
ಸಂಘದ ಕಾರ್ಯದರ್ಶಿ

ತಾ.ಕ.: ಈ ಪತ್ರವನ್ನು ಇಂದು ಸಂಜೆ ತಮ್ಮೆದುರು ನಿಂತು ಗಟ್ಟಿಯಾಗಿ ಓದಲಿದ್ದೇನೆ. ತಾವು ಎಚ್ಚರಗೊಳ್ಳುವ ಹೊತ್ತಿಗೆ 'ಶುಭ ಕೋರುವ ತಮ್ಮ ವಿಶ್ವಾಸಿ' ಎಂಬಷ್ಟು ಮಾತ್ರ ಉಳಿದಿರುತ್ತದೆಂದು ಬಲ್ಲೆ. ಅದನ್ನೇ ತಮ್ಮ ಕಂಪನಿಗೆ ಕಳಿಸಿಕೊಡಿ, ಸಂತುಷ್ಟ ಗ್ರಾಹಕರ ಸಾಲಿನಲ್ಲಿ ನನ್ನನ್ನೂ ಹಾಕಿಕೊಳ್ಳಲಿ.